ಶಾಸಕಪದಪ್ರಕರಣಂ

ಕೇಶಿರಾಜ 'ಶಬ್ದಮಣಿದರ್ಪಣ' ಬರೆದದ್ದು 13ನೆಯ ಶತಮಾನದಲ್ಲಿ. ಆಗ ಶಾಸಕರಿರಲಿಲ್ಲವಾದ್ದರಿಂದ ಗ್ರಂಥದಲ್ಲಿ ಒಂದು ಪ್ರಕರಣ ಬಿಟ್ಟುಹೋಯಿತು. ಆ ಕೊರತೆ ತುಂಬುವ ಈ ಅಲ್ಪನಿಗೆ ಪ್ರಶಸ್ತಿಯೇನೂ ಬೇಡ; ಒಂದು ನಿಗಮವೋ ಮಂಡಳಿಯೋ ಸಾಕು.

ಮೊದಲು ವ್ಯುತ್ಪತ್ತಿ. ಶಾಸಕ, ಶಾಸನ, ಶಾಸ್ತ್ರ, ಶಿಷ್ಯ ಎಲ್ಲವೂ 'ಶಾಸ್' ಎಂಬ ಒಂದೇ ಧಾತುವಿನ ಮಕ್ಕಳು. ಹಾಗಾಗಿ ಹೈಕಮಾಂಡಿನ ಮುಂದೆ ಶಾಸಕ ಕೈಕಟ್ಟಿ ಶಿಷ್ಯನಾಗಿ ನಿಲ್ಲುವುದು ಧಾತುಗುಣ, ಅವನನ್ನು ದೂರಬಾರದು. ಶಾಸನವೆಂದರೆ ಕಾನೂನೂ ಹೌದು, ಕಲ್ಲಿನ ಬರಹವೂ ಹೌದು. ಮೊದಲನೆಯದು ಗದ್ದಲದ ನಡುವೆ ಧ್ವನಿಮತದಲ್ಲಿ ತಾನಾಗಿ ಆಗುತ್ತದೆ. ಎರಡನೆಯದರಲ್ಲಿ ಅವನ ಸಾಧನೆ ದೊಡ್ಡದು: ನಮ್ಮೂರ ಸಮುದಾಯ ಭವನದ ಅಡಿಗಲ್ಲಿನಲ್ಲಿ ಅವನ ಹೆಸರು ಹಲ್ಮಿಡಿ ಶಾಸನಕ್ಕಿಂತ ಸ್ಫುಟವಾಗಿದೆ. ಭವನ ಮಾತ್ರ ಇನ್ನೂ ಎದ್ದಿಲ್ಲ.

ಶಾಸಕ ನಾಮಪದವೋ ಅವ್ಯಯವೋ ಎಂಬ ಚರ್ಚೆಯಿದೆ. ವಿಧಾನಸಭೆಯ ಅಭ್ಯರ್ಥಿ ಚುನಾವಣೆಗೆ 40 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ. ಆಯೋಗಕ್ಕೆ ಕೊಡುವ ಲೆಕ್ಕದಲ್ಲಿ ಅದರಲ್ಲೂ ಒಂದಿಷ್ಟು ಮಿಕ್ಕಿರುತ್ತದೆ. ವ್ಯಯವೇ ಇಲ್ಲದ್ದು ಅವ್ಯಯ. ಚರ್ಚೆ ಮುಗಿಯಿತು.

ಸಂಧಿಯೇ ಈ ಪ್ರಕರಣದ ಜೀವಾಳ. ಗೆದ್ದ ಮೇಲೆ ಕ್ಷೇತ್ರದಲ್ಲಿ ಕಾಣದಿರುವುದು ಲೋಪಸಂಧಿ. 224ರಲ್ಲಿ 113 ಮುಟ್ಟದ ಪಕ್ಷಕ್ಕೆ ಎಲ್ಲಿಂದಲೋ ಬಂದು ಕೂಡಿಕೊಳ್ಳುವುದು ಆಗಮಸಂಧಿ. ಒಂದು ಚಿಹ್ನೆಯ ಜಾಗದಲ್ಲಿ ಇನ್ನೊಂದು ಬಂದು ಕೂರುವುದು ಆದೇಶಸಂಧಿ. ಆದೇಶ ಯಾರದೆಂದು ವ್ಯಾಕರಣ ಕೇಳುವುದಿಲ್ಲ. ಇದನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಒಬ್ಬ ಹೋದರೆ ದೋಷ, ಮೂರನೆಯ ಒಂದು ಭಾಗ ಒಟ್ಟಿಗೆ ಹೋದರೆ ಸಮಾಸ! 2003ರ ತಿದ್ದುಪಡಿ ಆ ರಿಯಾಯಿತಿ ತೆಗೆದು, ಮೂರನೆಯ ಎರಡು ಭಾಗದ ವಿಲೀನವನ್ನಷ್ಟೇ ಉಳಿಸಿತು. ಸಮಾಸವಾದಾಗ ನಡುವಿನ ವಿಭಕ್ತಿ ಲೋಪವಾಗುತ್ತದೆ, ಇಲ್ಲಿ ನಾಚಿಕೆ.

2019ರಲ್ಲಿ ಅತೃಪ್ತರು ರಾಜೀನಾಮೆಯೆಂಬ ಹೊಸ ಸೂತ್ರ ಪ್ರಯೋಗಿಸಿದರು. ಸ್ಪೀಕರ್ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹರೆಂದರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, ಸ್ಪರ್ಧಿಸಬಹುದು ಎಂದೂ ಅಂದಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಅವರಲ್ಲಿ 11 ಮಂದಿ ಹೊಸ ಚಿಹ್ನೆಯಡಿ ಗೆದ್ದರು, ಫೆಬ್ರವರಿಯಲ್ಲಿ 10 ಮಂದಿ ಮಂತ್ರಿಗಳಾದರು. 'ಅನರ್ಹ'ದ ನಿಷೇಧಾರ್ಥಕ 'ಅನ್' ಇಷ್ಟು ಬೇಗ ಉದುರಿದ ಉದಾಹರಣೆ ಪಾಣಿನಿಗೂ ಸಿಕ್ಕಿರಲಾರದು. ಉದುರಿಸಿದವರು ಮತದಾರರು, ಅಂದರೆ ನಾವೇ. ಅದನ್ನು ಅಡಿಟಿಪ್ಪಣಿಗೆ ತಳ್ಳೋಣವೆಂದಿದ್ದೆ, ಜಾಗ ಸಾಲಲಿಲ್ಲ.

ಇನ್ನು ವಿಭಕ್ತಿ. ಚತುರ್ಥಿಯಲ್ಲಿ 'ನನಗೆ' ಎಂಬ ರೂಪವೊಂದೇ ಬಳಕೆಯಲ್ಲಿದೆ. ಸಪ್ತಮಿಗೆ ನಿದರ್ಶನ: 2018ರಲ್ಲಿ ಬಿಡದಿಯ ರೆಸಾರ್ಟಿನಲ್ಲಿ, 2019ರಲ್ಲಿ ಮುಂಬೈ ಹೋಟೆಲಿನಲ್ಲಿ. 'ಕ್ಷೇತ್ರದಲ್ಲಿ' ಎಂಬುದಕ್ಕೆ ಪ್ರಯೋಗ ಸಿಗದೆ ಬಿಟ್ಟಿದ್ದೇನೆ. ಸಂಬೋಧನೆಯದೇ ವಿಚಿತ್ರ. ಉಳಿದೆಲ್ಲ ಕಾಲ ನಾವು 'ಸಾಹೇಬ್ರೇ' ಎನ್ನುತ್ತಿರುತ್ತೇವೆ. ಚುನಾವಣೆ ಬಂದಾಗ ಅವನೇ ತೆರೆದ ಜೀಪಿನಿಂದ 'ಅಮ್ಮಾ, ಅಣ್ಣಾ, ತಾಯೀ' ಎಂದು ಕೂಗುತ್ತಾನೆ. ನಮ್ಮ ಬೀದಿಯಲ್ಲಿ ಆ ಪ್ರಯೋಗ ಕೊನೆಯದಾಗಿ ಕೇಳಿಬಂದದ್ದು 2023ರ ಮೇ 8ರಂದು, ಬಹಿರಂಗ ಪ್ರಚಾರ ಮುಗಿಯುವ ಹೊತ್ತಿಗೆ.