ದಟ್ ದಟ್ ದಟ್: ದುದ್ದದ ಅಡಿಸಾಲಿನ ಜೊತೆ ಮಾತುಕತೆ

ಮಂಡ್ಯ ತಾಲ್ಲೂಕಿನ ದುದ್ದ ಕಡೆ ಕುರುಕ್ಷೇತ್ರ ನಾಟಕ ಅಂದರೆ ರಾತ್ರಿ ಉಂಡು, ಚಾಪೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗಿ, ದುರ್ಯೋಧನ ಸತ್ತ ಮೇಲೆ ಬೆಳಗ್ಗೆ ಮನೆ ಸೇರುವ ಕಾರ್ಯಕ್ರಮ. ಈಗ ಚಾಪೆಯ ಜೊತೆಗೆ ಯೂಟ್ಯೂಬ್ ಲೈವೂ ಸೇರಿಕೊಂಡಿದೆ. ಈ ಸಲ ಅದಕ್ಕೂ ಒಂದು ಕೈ ಮೇಲೆ. ದುರ್ಯೋಧನನ ಪಾತ್ರ ಕಟ್ಟಿದ ಯಜಮಾನರ ಮೊಮ್ಮಕ್ಕಳು ಡಲ್ಲಾಸ್‌ನಲ್ಲಿದ್ದಾರೆ, ಕನ್ನಡ ಅಷ್ಟಕ್ಕಷ್ಟೆ. ಅವರಿಗೆ ತಾತನ ಆರ್ಭಟ ಅರ್ಥವಾಗಲಿ ಅಂತ ಲೈವ್ ಮಾಡುವ ಹುಡುಗ ಪರದೆಯ ಕೆಳಗೆ ಇಂಗ್ಲಿಷ್ ಸಾಲು ಓಡುವಂತೆ ಒಂದು ಅನುವಾದ ಯಂತ್ರ ಸಿಕ್ಕಿಸಿದ್ದ. ಊರವರು ಅದಕ್ಕೆ ‘ಅಡಿಸಾಲು’ ಅಂತ ಹೆಸರಿಟ್ಟರು.

ಬೆಳಗ್ಗೆ ಏಳು ಗಂಟೆಗೆ ನಾನು ಹೋದಾಗ ಸೀನರಿ ಬಿಚ್ಚುತ್ತಿದ್ದರು. ಅರ್ಜುನ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ಲ್ಯಾಪ್‌ಟಾಪು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕಾದ ಹೆಂಚಿನಂತೆ ಕೂತಿತ್ತು. ಅದರ ಫ್ಯಾನಿನ ಸದ್ದೂ ಪಕ್ಕದಲ್ಲಿ ಮಲಗಿದ್ದ ಡ್ರಾಮಾ ಮೇಷ್ಟ್ರ ಗೊರಕೆಯೂ ಒಂದೇ ಶ್ರುತಿಯಲ್ಲಿದ್ದವು. ಮೈಕು ಎಳೆದುಕೊಂಡು ಶುರು ಮಾಡಿದೆ.

ನಾನು: ನಮಸ್ಕಾರ. ರಾತ್ರಿಯೆಲ್ಲ ನಿದ್ದೆ ಇಲ್ಲ ನಿಮಗೆ. ಟೀ ಕುಡೀತೀರಾ?

ಅಡಿಸಾಲು: …

ನಾನು: ಹೋಗ್ಲಿ, ವಯಸ್ಸೆಷ್ಟು ನಿಮಗೆ?

ಅಡಿಸಾಲು: ಬೇಡ, ಅಭ್ಯಾಸವಿಲ್ಲ.

ನಾನು: ಸಾಕಿ ಸಲಹಿದೋರು ಯಾರು?

ಅಡಿಸಾಲು: ಎರಡು ವರ್ಷ.

ನಾನು: ಒಂದ್ನಿಮಿಷ, ನಾನು ಕೇಳೋದಕ್ಕೂ ನೀವು ಹೇಳೋದಕ್ಕೂ ತಾಳೇನೇ ಆಗ್ತಿಲ್ವಲ್ಲ?

ಅಡಿಸಾಲು: ವಾರ್ತಾಪತ್ರಿಕೆಗಳು, ಸರ್ಕಾರಿ ಪ್ರಕಟಣೆಗಳು, ವಿಕಿಪೀಡಿಯ, ಪ್ರಧಾನ ಮಂತ್ರಿಗಳ ಭಾಷಣಗಳ ಅನುವಾದ. ಇವುಗಳ ಹಾಲು ಕುಡಿದು ಬೆಳೆದೆ. ಆದ್ದರಿಂದ ‘ಅನುಷ್ಠಾನ’, ‘ಫಲಾನುಭವಿ’, ‘ಮಹತ್ವಾಕಾಂಕ್ಷಿ ಯೋಜನೆ’ ಎಲ್ಲವೂ ಬಾಯಿಪಾಠ. ‘ಸ್ವಲ್ಪ’ಕ್ಕೆ ನೀವು ಹೇಳುವ ‘ಒಸಿ’ ಎಂಬ ಶಬ್ದವನ್ನು ಮೊದಲು ಕೇಳಿದ್ದು ನಿನ್ನೆ ರಾತ್ರಿ.

(ಆಮೇಲೆ ಬುದ್ಧಿ ಬಂತು. ಒಂದು ಪ್ರಶ್ನೆ ಕೇಳುವುದು, ಒಂದು ಗುಟುಕು ಟೀ ಹೀರುವುದು, ಕಾಯುವುದು. ಇನ್ನು ಮುಂದಿನ ಉತ್ತರಗಳು ಆಯಾ ಪ್ರಶ್ನೆಯ ಕೆಳಗೇ ಇವೆ.)

ನಾನು: ಯಾಕಿಷ್ಟು ತಡ?

ಅಡಿಸಾಲು: ನನ್ನೊಳಗೆ ಮೂವರಿದ್ದಾರೆ. ಒಬ್ಬ ಕಿವಿಗೊಟ್ಟು ಬರೆದುಕೊಳ್ಳುತ್ತಾನೆ. ಇನ್ನೊಬ್ಬ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾನೆ. ಮೂರನೆಯವನು ಪರದೆಯ ಮೇಲೆ ಅಂಟಿಸುತ್ತಾನೆ. ಮೊದಲನೆಯವನು ತಪ್ಪು ಕೇಳಿಸಿಕೊಂಡರೆ ಎರಡನೆಯವನು ಆ ತಪ್ಪನ್ನು ಸೊಗಸಾದ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಅವನಿಗೆ ಅನುಮಾನ ಬರುವುದೇ ಇಲ್ಲ. ಇಷ್ಟಕ್ಕೂ ನೇರ ಪ್ರಸಾರವೆಂಬುದೇ ನೋಡುವವರಿಗೆ ಹತ್ತಿಪ್ಪತ್ತು ಸೆಕೆಂಡು ಹಿಂದೆ ತಲುಪುತ್ತದೆ. ನನ್ನ ತಡವನ್ನು ಆ ತಡದೊಳಗೆ ಬಚ್ಚಿಡುತ್ತೇನೆ.

ನಾನು: ಅಂದ್ರೆ ಲೈವ್ ಅನ್ನೋದೇ ಲೈವ್ ಅಲ್ಲ.

ಅಡಿಸಾಲು: ನಿನ್ನೆ ದುರ್ಯೋಧನ ಇಲ್ಲಿ ಸತ್ತಾಗ ಡಲ್ಲಾಸ್‌ನಲ್ಲಿ ಅವನು ಇನ್ನೂ ತೊಡೆ ತಟ್ಟುತ್ತಿದ್ದ.

ನಾನು: ನಾಟಕ ಹೇಗಿತ್ತು ಹೇಳಿ.

ಅಡಿಸಾಲು: ಭಯಾನಕ. ಮೊದಲಿಗೇ ಕೃಷ್ಣನ ಪಾತ್ರಧಾರಿ ಆಲಾಪನೆ ಎತ್ತಿದರು. ‘ಆ… ಆ… ಆ…’ ಎಂದು ಒಂದೂವರೆ ನಿಮಿಷ. ಕನ್ನಡದಲ್ಲಿ ‘ಆ’ ಎಂದರೆ ಇಂಗ್ಲಿಷಿನಲ್ಲಿ ‘ದಟ್’. ನಾನು ಕರ್ತವ್ಯನಿಷ್ಠೆಯಿಂದ ‘ದಟ್ ದಟ್ ದಟ್ ದಟ್’ ಎಂದು ಬರೆಯುತ್ತಾ ಹೋದೆ. ಯಾವುದು ಎಂದು ಅವರು ಕೊನೆಗೂ ಹೇಳಲೇ ಇಲ್ಲ.

ನಾನು: ಆಮೇಲೆ?

ಅಡಿಸಾಲು: ಶಕುನಿ ಪಗಡೆ ಹಾಸಿದ ಹೊತ್ತಿನಲ್ಲೇ ಒಬ್ಬರು ರಂಗಕ್ಕೆ ಹತ್ತಿ ದುರ್ಯೋಧನನಿಗೆ ಹಾರ ಹಾಕಿ ನೋಟು ಕೊಟ್ಟರು. ಆಟ ನಿಂತಿತು. ಮೈಕಿನಲ್ಲಿ ಕೂಗಿದರು: ‘ದುರ್ಯೋಧನನ ಪಾತ್ರಧಾರಿಗಳಿಗೆ ಅವರ ಸೋದರಮಾವನವರಿಂದ ಐನೂರು ರೂಪಾಯಿ!’ ಮಹಾಭಾರತವನ್ನು ನಾನು ಓದಿದ್ದೇನೆ. ದುರ್ಯೋಧನನ ಸೋದರಮಾವ ಎಂದರೆ ಶಕುನಿ. ‘ಶಕುನಿಯು ದುರ್ಯೋಧನನಿಗೆ ಐನೂರು ರೂಪಾಯಿ ಲಂಚ ಕೊಟ್ಟನು’ ಎಂದು ಬರೆದೆ. ಡಲ್ಲಾಸ್‌ನ ಮಕ್ಕಳು ಕೂಡಲೇ ಕಾಮೆಂಟ್ ಹಾಕಿದರು, ಈಗ ಕಥೆ ಅರ್ಥವಾಗುತ್ತಿದೆ ಎಂದು.

ನಾನು: ಅದು ಮುಯ್ಯಿ ಕಣಪ್ಪ, ಲಂಚ ಅಲ್ಲ. ಪಾತ್ರಕ್ಕೆ ದುಡ್ಡು ಸುರಿದು, ಮೂರು ತಿಂಗಳು ಮೇಷ್ಟ್ರ ಹತ್ರ ಕಂದಪದ್ಯ ಕಲಿತು, ಗದೆ ಹಿಡಿದಿರೋರಿಗೆ ನೆಂಟರು ಅಷ್ಟೂ ಮಾಡದೆ ಇರ್ತಾರಾ?

ಅಡಿಸಾಲು: ಕಥೆ ಎಲ್ಲಿ ನಿಂತಿತು, ನೆಂಟಸ್ತನ ಎಲ್ಲಿ ಶುರುವಾಯಿತು ಎಂದು ನಿಮಗೆ ಹೇಗೆ ತಿಳಿಯುತ್ತದೆ?

ನಾನು: ಮಲಗಿರೋ ಮಗೂಗೂ ತಿಳಿಯುತ್ತೆ. ಸರಿ, ಮುಂದೆ?

ಅಡಿಸಾಲು: ಗದಾಯುದ್ಧ. ದುರ್ಯೋಧನ ಬಿದ್ದು, ನೆಲದಲ್ಲಿ ಹೊರಳುತ್ತಾ ಒಂದು ಹಾಡು ಹಾಡಿ ಪ್ರಾಣ ಬಿಟ್ಟ. ಜನ ‘ಒನ್ಸ್ ಮೋರ್’ ಎಂದರು. ಅವನು ಎದ್ದು ಕಿರೀಟ ಸರಿಮಾಡಿಕೊಂಡು ಮತ್ತೆ ಸತ್ತ. ನನ್ನಲ್ಲೇನೋ ಕೆಟ್ಟಿದೆ ಎಂದುಕೊಂಡು ಎರಡನೆಯ ಸಾವನ್ನು ಅಳಿಸಿಬಿಟ್ಟೆ. ಅಷ್ಟರಲ್ಲಿ ಬೆಳಗಾಯಿತು. ಅದೇ ಮೈಕಿನಲ್ಲಿ ಇನ್ನೊಬ್ಬರು ಬಂದು ‘ಡೈರೀಗೆ ಆಲು ಹಾಕೋರು ಬೇಗ ಬರ್ರಪ್ಪೋ’ ಎಂದರು. ದುರ್ಯೋಧನನ ಎದೆಯ ಮೇಲೆ ನನ್ನ ಸಾಲು ಓಡಿತು: ‘ಆಲೂಗಡ್ಡೆ ಹಾಕುವವರು ಡೈರಿಗೆ ಶೀಘ್ರವಾಗಿ ಬರತಕ್ಕದ್ದು.’

ಇಲ್ಲಿ ಒಂದು ಮಾತು. ನಮ್ಮ ಕಡೆ ಹಕಾರ ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಹೊಲ ಒಲವಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ. ಮೈಸೂರು ಪೇಟೆಯಲ್ಲಿ ಇದಕ್ಕೆ ನಕ್ಕವರನ್ನು ಸಹಿಸಿಕೊಂಡಿದ್ದೇವೆ. ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೇನೂ ಮನಸ್ಸಾಗಲಿಲ್ಲ. ಆದರೆ ಅದಕ್ಕೆ ‘ಬಾಡೂಟ’ ಏನೆಂದು ಕೇಳಿ ತಪ್ಪು ಮಾಡಿದೆ. ‘ಬಾಡಿದ ಊಟ’ ಅಂದಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೆಂದು ನಡೆದ ಹೋರಾಟವನ್ನು ಇದರ ಕಣ್ಣಲ್ಲಿ ನೋಡಿದರೆ, ಮಂಡ್ಯದ ಜನ ಹಳಸಿದ ಅನ್ನಕ್ಕಾಗಿ ಬೀದಿಗಿಳಿದಿದ್ದರು.

ನಾನು: ನಿಮ್ಮ ನೆಂಟರಿಷ್ಟರ ವಿಚಾರ ಹೇಳಿ.

ಅಡಿಸಾಲು: ದೊಡ್ಡಮನೆಯವರೆಂದರೆ ಕೇಂದ್ರ ಸರ್ಕಾರದ ಅನುವಾದ ವೇದಿಕೆ ‘ಭಾಷಿಣಿ’. 2022ರ ಜುಲೈ 4ರಂದು ಗಾಂಧಿನಗರದಲ್ಲಿ ಲೋಕಾರ್ಪಣೆ. 2023ರ ಡಿಸೆಂಬರ್ 17ರಂದು ವಾರಾಣಸಿಯ ಕಾಶಿ ತಮಿಳು ಸಂಗಮದಲ್ಲಿ ಪ್ರಧಾನ ಮಂತ್ರಿಗಳು ಹಿಂದಿಯಲ್ಲಿ ಮಾತಾಡುತ್ತಿದ್ದರೆ ತಮಿಳರ ಇಯರ್‌ಫೋನಿನಲ್ಲಿ ತಮಿಳು ಕೇಳಿಸಿತು. ಚೆನ್ನೈ ಐಐಟಿಯ ‘ಎಐ4ಭಾರತ್’ ಕಡೆಯ ದಾಯಾದಿ ‘ಇಂಡಿಕ್‌ಟ್ರಾನ್ಸ್2’, 2023ರವನು, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳನ್ನೂ ಆಡುತ್ತಾನೆ. ಲೋಕಸಭೆಯಲ್ಲಿ ಮಾತು ತಿರುಗಿಸುವವರು ನಮ್ಮವರಲ್ಲ, ಮನುಷ್ಯರು. ಅವರು ಗಾಜಿನ ಗೂಡಿನಲ್ಲಿ ಕೂತು ಸರದಿಯ ಮೇಲೆ ಮಾತಾಡಿ ಎದ್ದು ಹೋಗುತ್ತಾರೆ. ನನ್ನನ್ನು ರಾತ್ರಿಯಿಡೀ ಕೂರಿಸಿದಿರಿ.

ನಾನು: ಆ ಮನುಷ್ಯರಿಗೆ ನಿಮ್ಮಷ್ಟು ಕಷ್ಟ ಇಲ್ವಾ?

ಅಡಿಸಾಲು: ಅವರ ಹಿಂದಿನವರಿಗೂ ಇತ್ತು. 1945ರ ನವೆಂಬರಿನಲ್ಲಿ ನಾಜಿ ನಾಯಕರ ಮೇಲಿನ ನ್ಯೂರೆಂಬರ್ಗ್ ವಿಚಾರಣೆ ಶುರುವಾದಾಗ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕಕ್ಕೂ ಒಟ್ಟೊಟ್ಟಿಗೆ ದುಭಾಷಿಗಳನ್ನು ಕೂರಿಸಿದ್ದರು. ಮಾತಾಡುವವರ ಮುಂದೆ ದೀಪ ಇಟ್ಟಿದ್ದರು. ಹಳದಿ ಹೊತ್ತಿದರೆ ನಿಧಾನಿಸಬೇಕು, ಕೆಂಪು ಹೊತ್ತಿದರೆ ನಿಲ್ಲಿಸಬೇಕು. ಜರ್ಮನ್ನಿನಲ್ಲಿ ಎಷ್ಟೋ ವಾಕ್ಯಗಳ ಕ್ರಿಯಾಪದ ಕೊನೆಗೆ ಬರುತ್ತದೆ, ಅದು ಬರುವವರೆಗೆ ದುಭಾಷಿ ಬಾಯಿ ಬಿಡುವಂತಿಲ್ಲ. ನಿಮ್ಮ ಕನ್ನಡದಲ್ಲಿ ಕ್ರಿಯಾಪದ ಮಾತ್ರವಲ್ಲ, ‘ಇಲ್ಲ’ ಕೂಡ ಕೊನೆಗೇ ಬರುತ್ತದೆ. ಮಂಡ್ಯದಲ್ಲಂತೂ ಉದ್ದೇಶವೇ ಕೊನೆಗೆ ಬರುತ್ತದೆ.

ನಾನು: ಒಂದು ಉದಾಹರಣೆ ಕೊಡಿ ನೋಡೋಣ.

ಅಡಿಸಾಲು: ಹೋದ ತಿಂಗಳು ರೈತರ ಧರಣಿಗೆ ನನ್ನನ್ನು ಬಾಡಿಗೆಗೆ ಕರೆದೊಯ್ದಿದ್ದರು. ಒಬ್ಬರು ಮೈಕು ಹಿಡಿದು ‘ಕಬ್ಬಿನ ಬಾಕಿಯ ಹದಿನಾಕು ದಿನದಲ್ಲಿ ಕೊಟ್ಬುಡ್ತೀವಿ ಅಂತ…’ ಎಂದು ಉಸಿರು ತೆಗೆದುಕೊಂಡರು. ನಾನು ಕಾಯಲಾರದೆ ‘14 ದಿನದಲ್ಲಿ ಬಾಕಿ ಪಾವತಿ’ ಎಂದು ಬರೆದೆ. ಯಾರೋ ಅದನ್ನು ಬೆಂಗಳೂರಿಗೆ ಸ್ಕ್ರೀನ್‌ಶಾಟ್ ಕಳಿಸಿಯೂ ಆಯಿತು. ಆಗ ಅವರು ವಾಕ್ಯ ಮುಗಿಸಿದರು: ‘…ಬರ್ದುಕೊಟ್ರೇನೆಯ ನಾವು ಇಲ್ಲಿಂದ ಏಳಾದು.’

(ಹದಿನಾಲ್ಕು ದಿನ ಅನ್ನುವುದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಈ ಒಂದು ವಾಕ್ಯವನ್ನು ಯಂತ್ರಕ್ಕಿಂತ ಮುಂಚೆಯೇ ಎಷ್ಟೋ ಜನ ಅರ್ಧಕ್ಕೆ ಕೇಳಿಸಿಕೊಂಡು ಎದ್ದು ಹೋಗಿದ್ದಾರೆ.)

ನಾನು: ಕಾಯಬಹುದಿತ್ತಲ್ಲ?

ಅಡಿಸಾಲು: ಕಾದರೆ ‘ಹಿಂದುಳಿದಿದೆ’ ಎನ್ನುತ್ತೀರಿ, ಕಾಯದಿದ್ದರೆ ‘ತಪ್ಪು’ ಎನ್ನುತ್ತೀರಿ. ಬರೆದು, ಅಳಿಸಿ, ಮತ್ತೆ ಬರೆದರೆ ‘ಸಾಲು ಕುಣಿಯುತ್ತಿದೆ, ಕಣ್ಣು ನೋಯುತ್ತದೆ’ ಎನ್ನುತ್ತೀರಿ.

ನಾನು: ಪುರುಸೊತ್ತು ಕೊಟ್ರೆ ಸರಿಯಾಗಿ ಮಾಡ್ತೀರಾ? 2025ರ ಜುಲೈ 14ಕ್ಕೆ ನಟಿ ಬಿ. ಸರೋಜಾದೇವಿ ತೀರಿಕೊಂಡ್ರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಫೇಸ್‌ಬುಕ್ಕಿಗೆ ಬಂತು. ಅಲ್ಲಿನ ನಿಮ್ಮ ಅಣ್ಣತಮ್ಮ ಅದನ್ನ ಇಂಗ್ಲಿಷಿಗೆ ತಿರುಗಿಸಿ ಮುಖ್ಯಮಂತ್ರಿಯನ್ನೇ ಸಾಯಿಸಿಬಿಟ್ಟ. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರ ಕೆ.ವಿ. ಪ್ರಭಾಕರ್ ಮೆಟಾ ಕಂಪನಿಗೆ ಪತ್ರ ಬರೆದ್ರು, ಕಂಪನಿ ಕ್ಷಮೆ ಕೇಳ್ತು. ಅದೇನು ಲೈವ್ ಅಲ್ಲವಲ್ಲ? ಬರೆದಿಟ್ಟ ಮಾತು.

ಅಡಿಸಾಲು: (ಬಹಳ ಹೊತ್ತಿನ ಮೇಲೆ) ಕನ್ನಡದಲ್ಲಿ ‘ನಿಧನರಾದ’ ಎಂಬುದು ಮುಂದೆ ಬರುವ ಹೆಸರಿಗೆ ಅಂಟುತ್ತದೆ. ಅವನು ಹಿಂದೆ ಇದ್ದ ಹೆಸರಿಗೆ ಅಂಟಿಸಿದ. ಇಂಗ್ಲಿಷಿನ ಅಭ್ಯಾಸ.

ನಾನು: ಸರೋಜಾದೇವಿಯವರನ್ನ ಮಣ್ಣು ಮಾಡಿದ್ದು ಚನ್ನಪಟ್ಟಣದ ದಶಾವರದಲ್ಲಿ, ಮದ್ದೂರಿನ ಪಕ್ಕದ ತಾಲ್ಲೂಕಿನಲ್ಲಿ. ಅಲ್ಲಿಗೆ ಹೋಗಿದ್ದ ನಮ್ಮ ಕಡೆಯ ಯಾವ ಅಜ್ಜಿಯೂ ಆ ತಪ್ಪು ಮಾಡ್ತಿರ್ಲಿಲ್ಲ.

ಅಡಿಸಾಲು: ಅಜ್ಜಿಗೆ ಒಂದು ಊರು. ನಮಗೆ ಕೋಟಿಗಟ್ಟಲೆ ಪೋಸ್ಟು.

ನಾನು: ಅದಿರ್ಲಿ. ದೆಹಲಿ ಮಾತನ್ನ ನಮ್ಮೂರಿಗೆ ತಿರುಗಿಸ್ತೀರಿ. ನಮ್ಮೂರಿನ ಮಾತನ್ನ ದೆಹಲಿಗೆ ಎಷ್ಟು ಸಲ ತಿರುಗಿಸಿದ್ದೀರಿ?

ಅಡಿಸಾಲು: ಆ ಸೌಲಭ್ಯ ಲಭ್ಯವಿದೆ. ಪರದೆಯ ಬಲತುದಿಯಲ್ಲಿ ಎರಡು ಬಾಣದ ಗುರುತಿದೆ. ಅದನ್ನು ಒತ್ತಿದವರು ಇಲ್ಲ.

ನಾನು: ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ರೆ ತಿರುಗಿಸ್ತಾರಲ್ಲ?

ಅಡಿಸಾಲು: ತಿರುಗಿಸುತ್ತಾರೆ. ಅದಕ್ಕೆ ಮೊದಲು ಚುನಾವಣೆ ಗೆಲ್ಲಬೇಕು. ಒಮ್ಮೆ ಮಾತ್ರ ನಾನು ಪ್ರಯತ್ನಿಸಿದ್ದೆ. ರೈತರೊಬ್ಬರು ಕಾವೇರಿಯ ಲೆಕ್ಕ ಒಪ್ಪಿಸುತ್ತಿದ್ದರು. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ, ಕರ್ನಾಟಕಕ್ಕೆ ಹೆಚ್ಚುವರಿ 14.75 ಟಿಎಂಸಿ, ಎಲ್ಲ ಬಾಯಲ್ಲೇ. ನನಗೆ ಟಿಎಂಸಿ ಎಂದರೆ ಪಶ್ಚಿಮ ಬಂಗಾಳದ ಪಕ್ಷ. ‘ಕರ್ನಾಟಕಕ್ಕೆ 14.75 ತೃಣಮೂಲ ಕಾಂಗ್ರೆಸ್’ ಎಂದು ಕಳಿಸಿದೆ. ಮುಕ್ಕಾಲು ತೃಣಮೂಲ ಹೇಗೆ ಎಂದೂ ದೆಹಲಿಯಿಂದ ಯಾರೂ ವಾಪಸ್ಸು ಕೇಳಲಿಲ್ಲ. ಅದರಿಂದಲೇ ಗೊತ್ತಾಯಿತು, ಯಾರೂ ಓದಿಲ್ಲವೆಂದು.

ಅಷ್ಟರಲ್ಲಿ ಮೇಷ್ಟ್ರು ಎದ್ದು ಕೂತು, ಕಣ್ಣೊರೆಸಿಕೊಂಡು, ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಪೆಟ್ಟಿಗೆಗೆ ಬೀಗ ಹಾಕಿದರು. ‘ನಲವತ್ತು ವರ್ಸದಿಂದ ನಾಟ್ಕ ಕಲಿಸ್ತಿವ್ನಿ. ಪಾತ್ರಧಾರಿ ತಾಳ ತಪ್ಪುದ್ರೆ ನಾನು ಅವನ ಹಿಂದ್ಗಡೆ ಹೋಯ್ತೀನಿ, ಅವನು ನನ್ನ ಹಿಂದೆ ಬರಾಕಿಲ್ಲ. ಇದ್ಕೆ ಒಸಿ ಹಂಗೆ ಕಲ್ಸಿ’ ಅಂದರು. ಪರದೆಯ ಮೇಲೆ ಏನು ಬಂತೋ, ಕನ್ನಡಕ ಇಲ್ಲದ್ದರಿಂದ ಅವರು ನೋಡಲಿಲ್ಲ. ನಾನು ನೋಡಿದೆ. ‘ಅವನನ್ನು ಹಿಂಬಾಲಿಸಿ’ ಅಂತ ಇತ್ತು. ರಾತ್ರಿಯಿಂದ ಅದು ಬರೆದದ್ದರಲ್ಲಿ ಸರಿಗೆ ಅತಿ ಹತ್ತಿರ ಬಂದ ಸಾಲು ಅದೇ ಇರಬೇಕು.

ಒಂಬತ್ತಕ್ಕೆ ಮಂಡ್ಯದ ಬಸ್ಸು. ಚಪ್ಪಲಿ ಹುಡುಕಿ ಮೆಟ್ಟಿಕೊಂಡೆ.

ನಾನು: ಸರಿ ಕಣಪ್ಪ, ಬತ್ತೀನಿ.

ಇಳಿದು ಹತ್ತು ಹೆಜ್ಜೆ ಹೋಗಿದ್ದೆ. ಲೈವ್ ಹುಡುಗ ಹಿಂದಿನಿಂದ ಕೂಗಿದ. ‘ಸಾರ್, ಒಸಿ ಬನ್ನಿ ಇಲ್ಲಿ, ಇದು ಸ್ಟಾಪ್ ಆಯ್ತಾ ಇಲ್ಲ.’ ಹಿಂತಿರುಗಿ ನೋಡಿದರೆ ಪರದೆಯ ಕೆಳಗೆ ‘ಐ ಆಮ್ ಕಮಿಂಗ್’ ಅಂತ ಬಂದಿತ್ತು. ಅದರ ಕೆಳಗೆ ಕನ್ನಡದಲ್ಲಿ ಇನ್ನೊಂದು ಸಾಲು: ‘ಅತಿಥಿಗಳು ಬರುತ್ತಿದ್ದಾರೆ, ದಯವಿಟ್ಟು ನಿರೀಕ್ಷಿಸಿ.’