ಗ್ಯಾಸ್ ಖಾಲಿಯಾಗುವ ಸಾಮಾನಲ್ಲ

ಕೊಡಗಿನಲ್ಲಿ ಕಾರಿಗೆ ಎಸಿ ಯಾಕೆ ಎಂದು ನಗುವವರು ಜುಲೈಯಲ್ಲಿ ಒಮ್ಮೆ ಗೋಣಿಕೊಪ್ಪಲಿನಿಂದ ವಿರಾಜಪೇಟೆಗೆ ಕಾರು ಓಡಿಸಿ ನೋಡಬೇಕು. ಹೊರಗೆ ಮಳೆ, ಒಳಗೆ ನಾಲ್ಕು ಜನರ ಉಸಿರು, ಕಾಲ ಬಳಿ ಒದ್ದೆ ಕೊಡೆಗಳು. ಬಿಟ್ಟಂಗಾಲ ತಲುಪುವಷ್ಟರಲ್ಲಿ ಮುಂದಿನ ಗಾಜು ಪೂರ್ತಿ ಬೆಳ್ಳಗೆ. ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಮಬ್ಬು. ಎದುರಿಗೆ ಬರುತ್ತಿರುವುದು ಮರದ ಲಾರಿಯೋ ಆನೆಯೋ ತಿಳಿಯದು. ಆಗ ಎಸಿ ಗುಂಡಿ ಒತ್ತಿದರೆ ಗಾಳಿಯ ತೇವವೆಲ್ಲ ಕೂಲಿಂಗ್ ಕಾಯಿಲಿನ ಮೇಲೆ ನೀರಾಗಿ ಇಳಿಯುತ್ತದೆ, ಒಣಗಾಳಿ ಗಾಜಿಗೆ ಬೀಸಿ ರಸ್ತೆ ಕಾಣುತ್ತದೆ. ಬೇಸಿಗೆಯಲ್ಲಿ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ಕಣ್ಣೂರಿಗೆ ಹೋಗುವವರ ಅಗತ್ಯ ಬೇರೆ, ಅದನ್ನು ವಿವರಿಸಬೇಕಾಗಿಲ್ಲ.

ಈ ಅಗತ್ಯವೇ ನಮ್ಮ ಸೀಮೆಯಲ್ಲಿ ಒಂದು ವಿಶೇಷ ತಳಿಯನ್ನು ಬೆಳೆಸಿದೆ: ಕಾರಿನ ಎಸಿಯನ್ನು ಸ್ವಂತ ಕೈಯಿಂದ ರಿಪೇರಿ ಮಾಡಿ, ಸ್ವಂತ ಕೈಯಿಂದ ಗ್ಯಾಸ್ ತುಂಬುವ ಮನುಷ್ಯ. ಇವರನ್ನು ಗುರುತಿಸುವುದು ಸುಲಭ. ಬೇರೆಯವರ ಮನೆಯಲ್ಲಿ ಮಳೆಕೋಟು ತೂಗುವ ಮೊಳೆಗೆ ಇವರಲ್ಲಿ ನೀಲಿ, ಕೆಂಪು, ಹಳದಿ ಹೋಸುಗಳು ತೂಗುತ್ತವೆ. ಮದುವೆ ಮನೆಯಲ್ಲಿ ವಾಲಗ ಬಾರಿಸುತ್ತಿದ್ದರೂ ಗೇಟಿನಾಚೆ ಹೋದ ಕಾರಿನ ಕಂಪ್ರೆಸರ್ ಸದ್ದು ಇವರಿಗೆ ಕೇಳುತ್ತದೆ. “ಬೇರಿಂಗ್ ಹೋಗಿದೆ, ಪಾಪ” ಎಂದು ತಟ್ಟೆ ನೋಡುತ್ತಲೇ ತೀರ್ಪು ಕೊಡುತ್ತಾರೆ. ನಮ್ಮೂರಿನ ಗಾಲ್ಫ್ ಮೈದಾನದ ಕಡೆಗೆ ದೊಡ್ಡ ಕಾರುಗಳು ಗಾಜು ಏರಿಸಿಕೊಂಡು ಹೋಗುವಾಗ, ಒಳ್ಳೆಯ ಗಾಳಿಗೆಂದು ಇಷ್ಟು ದೂರ ಬಂದು ಎಸಿ ಹಾಕಿಕೊಂಡವರ ಬಗ್ಗೆ ಇವರು ಚಕಾರವೆತ್ತುವುದಿಲ್ಲ. ಇವರ ಕಣ್ಣು ಕಾರಿನ ಕೆಳಗೆ ನೀರು ಸರಿಯಾಗಿ ತೊಟ್ಟಿಕ್ಕುತ್ತಿದೆಯೇ ಎಂಬುದರ ಮೇಲೆ.

ನನ್ನ ಪಾಲಿಗೆ ಬಂದವರು ಪಕ್ಕದ ತೋಟದ ಮಾವ. ನೆಂಟಸ್ತಿಕೆಯಿಂದ ಮಾವನಲ್ಲ, ಊರಿಗೆಲ್ಲ ಮಾವ. ನಾನು ಕನ್ನಡ ಮಾಷ್ಟ್ರು. ಬಾನೆಟ್ ಎತ್ತಿದರೆ ನನಗೆ ಖಾತ್ರಿಯಾಗಿ ಗೊತ್ತಾಗುವುದು ಬ್ಯಾಟರಿಯೊಂದೇ. ಒಂದು ದಿನ “ಮಾವ, ಎಸಿಯಲ್ಲಿ ಗ್ಯಾಸ್ ಖಾಲಿಯಾದ ಹಾಗಿದೆ, ಪೇಟೆಗೆ ಹೋಗಿ ತುಂಬಿಸಿಕೊಂಡು ಬರ್ತೇನೆ” ಎಂದೆ. ಮಾವ ಚಿಮ್ಮಿ ಎದ್ದರು.

“ಎಂತ ಮಾಷ್ಟ್ರೇ! ಖಾಲಿಯಾಗಲಿಕ್ಕೆ ಅದು ಪೆಟ್ರೋಲಾ? ಗ್ಯಾಸ್ ಖಾಲಿಯಾಗುವ ಸಾಮಾನಲ್ಲ. ಅದೇ ಗ್ಯಾಸ್ ಒಳಗೇ ಸುತ್ತುತ್ತಾ ಇರ್ತದೆ. ಕಡಿಮೆಯಾಗಿದೆ ಅಂದ್ರೆ ಲೀಕ್ ಉಂಟು. ಲೀಕ್ ಹುಡುಕದೆ ಗ್ಯಾಸ್ ತುಂಬುವವನನ್ನು ಮೆಕ್ಯಾನಿಕ್ ಅಂತ ಕರೀಬಾರದು.”

ಮಾತು ಬಹುಮಟ್ಟಿಗೆ ನಿಜ. ತೊಂದರೆ ಏನೆಂದರೆ, ಮಾವನಿಗೆ ಎಸಿ ತಂಪಾಗುವುದು ಮುಖ್ಯವಲ್ಲ, ಲೀಕ್ ಸಿಗುವುದು ಮುಖ್ಯ. ಸೋಪಿನ ನೀರು ಕಲಸಿ, ಹಳೆಯ ಶೇವಿಂಗ್ ಬ್ರಷ್‌ನಿಂದ ಪೈಪಿನ ಒಂದೊಂದು ಕೀಲಿಗೂ ಬಳಿದು, ಗುಳ್ಳೆ ಏಳುತ್ತದೋ ಎಂದು ಕುಕ್ಕರುಗಾಲಿನಲ್ಲಿ ಕಾಯುವುದು ಅವರ ಪರಮಸುಖ. ಹಸಿರು ಓ-ರಿಂಗುಗಳನ್ನು ಬದಲಿಸಿದರು. ಕಂಡೆನ್ಸರಿಗೆ ಟಾರ್ಚು ಬಿಟ್ಟರು. ಗುಳ್ಳೆ ಏಳಲಿಲ್ಲ. “ಹಾಗಾದರೆ ಕೂಲಿಂಗ್ ಕಾಯಿಲ್” ಎಂದರು, ದನಿಯಲ್ಲಿ ಸಂತೋಷವಿತ್ತು. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ. ಡ್ಯಾಶ್‌ಬೋರ್ಡ್ ಬಿಚ್ಚಿದ ಕಾರಿನಲ್ಲಿ ನಾನು ಕಾಲೇಜಿಗೆ ಹೋಗಿ ಬಂದ ದಿನಗಳನ್ನು ಮಕ್ಕಳು ಈಗಲೂ ಮರೆತಿಲ್ಲ. ಬ್ಲೋವರ್ ಒಳಗೆ ಇಲಿಗೂಡು ಸಿಕ್ಕಿತು, ತೋಟದ ಮನೆಗಳ ಕಾರಿನಲ್ಲಿ ಇದು ಮಾಮೂಲು. ಗೂಡಿನ ಹಾಸಿಗೆ ಒಂದು ಹಳೆಯ ವಾರಪತ್ರಿಕೆಯ ಚೂರುಗಳಿಂದಾಗಿತ್ತು. ಅದರಲ್ಲಿ ನನ್ನ ಪ್ರಬಂಧವಿದ್ದ ಪುಟವನ್ನೇ ಇಲಿ ಆರಿಸಿಕೊಂಡಿತ್ತು. “ಮೆತ್ತಗಿತ್ತು ಅಂತ ಕಾಣ್ತದೆ” ಎಂದರು ಮಾವ.

ಕಾಯಿಲ್ ಹೊಸದು ಬಂತು, ಕೂರಿಸಿದ್ದೂ ಆಯಿತು. ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಹಾಕಬೇಕು, ಅಂದರೆ ಪಂಪಿನಿಂದ ಪೈಪುಗಳೊಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆಯಬೇಕು. ಒತ್ತಡ ಅಷ್ಟು ಕೆಳಗಿಳಿದಾಗ ಒಳಗಿನ ನೀರು ಬಿಸಿಯಿಲ್ಲದೆಯೇ ಕುದಿದು ಆವಿಯಾಗಿ ಹೊರಬರುತ್ತದೆ. ತೇವ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವಿನ ಬಾಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ, ಸಾಲದ್ದಕ್ಕೆ ಆಮ್ಲವಾಗಿ ಲೋಹ ತಿನ್ನುತ್ತದೆ. ಪುಸ್ತಕದ ಪ್ರಕಾರ ಮುಳ್ಳು 29 ಇಂಚಿನ ಆಚೆಗೆ ಹೋಗಬೇಕು. ಮಾವನ ಗೇಜಿನ ಮುಳ್ಳು 27ರ ಹತ್ತಿರ ಬಂದು ನಿಂತುಬಿಟ್ಟಿತು.

ಪಂಪಿನ ಎಣ್ಣೆ ಬದಲಾಯಿತು. ಹೋಸುಗಳ ವಾಷರ್ ಬದಲಾಯಿತು. ಮುಳ್ಳು ಅಲ್ಲೇ. ಗೇಜೇ ಸುಳ್ಳಿರಬೇಕೆಂದು ಇನ್ನೊಂದು ಗೇಜು ತರಿಸಿದರು, ಅದೂ 27. ಮತ್ತೆ ಸೋಪಿನ ನೀರು, ಮತ್ತೆ ಬ್ರಷ್. ಅಷ್ಟು ಹೊತ್ತಿಗೆ ನಾನು ಬಸ್ಸಿಗೆ ಒಗ್ಗಿಕೊಂಡಿದ್ದೆ. ಒಂದು ರಾತ್ರಿ ಹನ್ನೊಂದು ದಾಟಿದ ಮೇಲೆ ಫೋನು. ಈ ಹೊತ್ತಿನಲ್ಲಿ ಯಾರು ಹೋದರೋ ಎಂದು ಎದೆ ಹಾರಿತು.

“ಮಾಷ್ಟ್ರೇ, ಲೀಕಿಲ್ಲ! ತಪ್ಪು ನಮ್ಮ ಊರಿದ್ದು!”

ವಿಷಯ ಇಷ್ಟು: ಆ ಇಂಚುಗಳು ಪಾದರಸದ ಲೆಕ್ಕ, ಹೊರಗಿನ ವಾಯುಭಾರಕ್ಕೆ ಹೋಲಿಸಿದ ಲೆಕ್ಕ. ಸಮುದ್ರಮಟ್ಟದಲ್ಲಿ ವಾಯುಭಾರವೇ ಹೆಚ್ಚುಕಡಿಮೆ 30 ಇಂಚು. ಮೇಲೇರಿದಂತೆ ಸಾವಿರ ಅಡಿಗೆ ಸುಮಾರು ಒಂದಿಂಚು ಇಳಿಯುತ್ತದೆ. ನಾವಿರುವುದು ಅಂದಾಜು 3000 ಅಡಿಯಲ್ಲಿ. ಇಲ್ಲಿ ಎಷ್ಟೇ ಪೂರ್ತಿ ವ್ಯಾಕ್ಯೂಮ್ ಮಾಡಿದರೂ ಮುಳ್ಳು 27ರ ಆಸುಪಾಸಿನಲ್ಲೇ ನಿಲ್ಲಬೇಕು. “ಪುಸ್ತಕ ಬರೆದವ ಕಡಲ ಕರೆಯಲ್ಲಿ ಕೂತು ಬರೆದಿದ್ದಾನೆ, ಬೆಟ್ಟದಲ್ಲಿ ಜನ ಇದ್ದಾರೆ ಅಂತ ಅವನಿಗೆ ಗೊತ್ತಿಲ್ಲ” ಎಂದರು. ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ. ಆದರೆ ಒಬ್ಬ ಮನುಷ್ಯ ಸ್ವಂತ ಬುದ್ಧಿಯಿಂದ ನಡುರಾತ್ರಿಯಲ್ಲಿ ತನ್ನ ಊರಿನ ಎತ್ತರವನ್ನು ಕಂಡುಹಿಡಿದಾಗ ಅವನಿಗೆ ಬೈಯುವುದು ಹೇಗೆ?

ತುಂಬುವ ದಿನದ ಶಾಸ್ತ್ರವೇ ಬೇರೆ. ಗ್ಯಾಸನ್ನು ಅಂದಾಜಿನಲ್ಲಿ ತುಂಬಬಾರದು, ತೂಕ ಮಾಡಿ ತುಂಬಬೇಕು. ಆದ್ದರಿಂದ ಅತ್ತೆ ಕೇಕಿಗೆ ಮೈದಾ ತೂಗುವ ತಕ್ಕಡಿ ಶೆಡ್ಡಿಗೆ ಬಂತು, ಹಿಂದೆಯೇ ಅತ್ತೆಯೂ ಬಂದರು. 450 ಗ್ರಾಂ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ದಪ್ಪ ಪೈಪಿಗೆ ನೀಲಿ ಹೋಸು ಸಿಕ್ಕಿಸಿ, “ಸಪೂರ ಪೈಪಿಗೆ ಡಬ್ಬಿ ಹಾಕಿದವನ ಕೈಯಲ್ಲೇ ಡಬ್ಬಿ ಒಡೀತದೆ” ಎಂದು ನಮ್ಮಿಬ್ಬರನ್ನೂ ಗೋಡೆಯವರೆಗೆ ಹಿಂದೆ ಸರಿಸಿದರು. ಈ ಗ್ಯಾಸ್ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದ್ದು, ಚರ್ಮಕ್ಕೆ ತಾಗಿದರೆ ಬೆಂಕಿ ತಾಗಿದಂತೆಯೇ. ಪುರಾವೆಗೆ ಮಾವ ಎಡಗೈ ತೋರುಬೆರಳು ಎತ್ತಿದರು. ಕ್ಲಚ್ಚು ಟಕ್ ಎಂದಿತು, ಗಾಳಿ ತಣ್ಣಗಾಯಿತು. ನಾನು ಚಪ್ಪಾಳೆ ತಟ್ಟಿದೆ. ಮಾವನ ಮುಖ ಮಾತ್ರ ಸಣ್ಣದಾಯಿತು. “ಸ್ವಲ್ಪ ದಿನ ನೋಡುವ” ಎಂದರು. ಸರಿಯಾಯಿತು ಎಂಬ ಮಾತು ಈ ತಳಿಯ ಬಾಯಲ್ಲಿ ಬರುವುದಿಲ್ಲ.

ಇನ್ನೊಂದು ಹಿಂಸೆ ಇದೆ. ಗಾಜು ಮಬ್ಬಾಗಿ ಎಸಿ ನಿಜಕ್ಕೂ ಬೇಕಾಗುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಮಾವ ಎಸಿ ಬಿಚ್ಚುವುದಿಲ್ಲ, ಗಾಳಿಯಲ್ಲೇ ತೇವವಂತೆ. ಬೇಸಿಗೆಯಲ್ಲಿ ಬಿಚ್ಚಬಹುದು, ಆದರೆ ಬೇಸಿಗೆಯಲ್ಲಿ ಕಾಫಿಗೆ ನೀರು ಹಾಯಿಸುವ ಪಂಪ್‌ಸೆಟ್ ಕೆಲಸ, ಮತ್ತೆ ಮೆಣಸು ಕೊಯ್ಲು. ಕೈ ಬಿಡುವಾಗುವಷ್ಟರಲ್ಲಿ ಮತ್ತೆ ಮೋಡ.

ಪೇಟೆಯ ಶೆಡ್ಡುಗಳಲ್ಲಿ ಹಳೆಯ ಗ್ಯಾಸನ್ನು ಫುಸ್ ಎಂದು ಗಾಳಿಗೆ ಬಿಡುವುದನ್ನು ಕಂಡರೆ ಮಾವನಿಗೆ ಮೈ ಉರಿಯುತ್ತದೆ. ಕಾರಿನ ಎಸಿಗಳಲ್ಲಿ ಮೊದಲಿದ್ದ ಆರ್-12 ಗ್ಯಾಸ್ ಓಝೋನ್ ಪದರವನ್ನು ತೂತು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದಕ್ಕೆ ಕಡಿವಾಣ ಬಿತ್ತು, ಬದಲಿಗೆ ಆರ್-134ಎ ಬಂತು. ಇದು ಓಝೋನಿಗೆ ಸಾಧು, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮಾತ್ರ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರದ ನಾನೂರು ಪಟ್ಟು ಜೋರು. ಅರ್ಧ ಕೆಜಿ ಬಿಟ್ಟರೆ ಏಳುನೂರು ಕೆಜಿ ಹೊಗೆ ಬಿಟ್ಟ ಲೆಕ್ಕ. ಇದನ್ನೂ ಕಡಿಮೆ ಮಾಡುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದೆ. ಭೂಮಿ ಬಿಸಿಯಾದಂತೆ ಮಳೆಯೂ ಕೆರಳುತ್ತದೆ ಎನ್ನುತ್ತಾರೆ; 2018ರ ಮಳೆಗಾಲದಲ್ಲಿ ಮಾಕುಟ್ಟ ರಸ್ತೆ ಕುಸಿದದ್ದನ್ನು ಕಂಡವರು ಮಾವ. ಲೀಕ್ ಹುಡುಕುವ ಅವರ ಹಟ ಬರೀ ಹಟವಲ್ಲ ಎಂದು ನನಗೆ ಅರ್ಥವಾಗಲು ತಡವಾಯಿತು.

ಆ ಹಟದ ಬೇರು ತೋಟದಲ್ಲೇ ಇದೆ. ಮರ ಬಿದ್ದು ದಾರಿ ಮುಚ್ಚಿ, ಕರೆಂಟು ಹೋಗಿ, ಪೇಟೆಯಿಂದ ಯಾರೂ ಬಾರದ ದಿನಗಳಲ್ಲಿ ಪಲ್ಪರನ್ನೂ ಜೀಪನ್ನೂ ತಾವೇ ಬಿಚ್ಚಿ ಜೋಡಿಸಿ ಬೆಳೆದ ಕೈಗಳು ಅವು. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದಿಗೆ ಅವರ ಮನೆಯಲ್ಲಿ ಕೋವಿ, ಒಡಿಕತ್ತಿಗಳ ಪಕ್ಕದಲ್ಲಿ ಗೇಜೂ ಗಂಧ ಹಚ್ಚಿಸಿಕೊಂಡು ಕೂರುತ್ತದೆ. ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿದ ಮೇಲೆ ನೀಲಿ ಹೋಸಿನ ಬಾಯಿಗೂ ಒಂದು. ಆ ದಿನದ ಕಡಂಬುಟ್ಟು, ಪಂದಿಕರಿ ತಿಂದವನಾಗಿ ನಾನು ಆ ಪೂಜೆಯನ್ನು ಟೀಕಿಸಲಾರೆ.

ಹೋದ ವರ್ಷ ಹಬ್ಬಕ್ಕೆ ಅವರ ತಂಗಿಯ ಮಗ ಬೆಂಗಳೂರಿನಿಂದ ಎಲೆಕ್ಟ್ರಿಕ್ ಕಾರಿನಲ್ಲಿ ಬಂದ. ಮಾವ ಕನ್ನಡಕ ಹಾಕಿಕೊಂಡು ಬಾನೆಟ್ ಎತ್ತಿಸಿದರು. ಬೆಲ್ಟಿಲ್ಲ, ಟಕ್ ಎನ್ನುವ ಕ್ಲಚ್ಚಿಲ್ಲ. ಕಂಪ್ರೆಸರಿಗೆ ಹೋಗುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಇದೆ, ಅದರಲ್ಲಿ ನೂರಾರು ವೋಲ್ಟ್. ಎಣ್ಣೆ ಕೂಡ ಬೇರೆ ಜಾತಿಯದು, ಮಾಮೂಲಿ ಎಣ್ಣೆ ಬೆರೆತರೆ ಕರೆಂಟಿನ ತಡೆಯೇ ಕೆಡುತ್ತದಂತೆ. “ಮುಟ್ಟಬೇಡಿ ಮಾವ” ಎಂದ ಹುಡುಗ. ಮಾವ ಕೈ ಹಿಂದಕ್ಕೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಅವರು ಒಂದು ಯಂತ್ರದ ಮುಂದೆ ಕೈಕಟ್ಟಿ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಪಾಪ ಎಂದುಕೊಂಡೆ. ಆ ಪಾಪ ಹೆಚ್ಚು ದಿನ ಬಾಳಲಿಲ್ಲ. ಈಗ ನನ್ನ ವಿಳಾಸಕ್ಕೆ ಒಂದು ಪಾರ್ಸೆಲ್ ಬಂದಿದೆ: ಸಾವಿರ ವೋಲ್ಟ್ ತಡೆಯುವ ರಬ್ಬರ್ ಕೈಗವಸು. ಅತ್ತೆಗೆ ಗೊತ್ತಾಗಬಾರದಂತೆ, ಅದಕ್ಕೇ ನನ್ನ ಹೆಸರಿಗೆ ತರಿಸಿದ್ದಾರೆ. ಅಳತೆ ದೊಡ್ಡದಾಯಿತು, ವಾಪಸ್ ಕಳಿಸಿ ಒಂದು ಸೈಜು ಚಿಕ್ಕದು ತರಿಸಿಕೊಡಬೇಕಂತೆ, ಅದೂ ಹುತ್ತರಿ ಹಬ್ಬಕ್ಕೆ ಹುಡುಗ ಊರಿಗೆ ಬರುವುದರೊಳಗೆ.