ಸರಳ ದಸರಾ, ಕಠಿಣ ಬೀಗ

ಕೊರೋನಾ ವೈರಾಣುವಿನ ಬಗ್ಗೆ ವಿಜ್ಞಾನಿಗಳು ಏನೇ ಹೇಳಲಿ, ಅದರ ದಿನಚರಿ ಗೊತ್ತಿದ್ದದ್ದು ನಮ್ಮ ಸರ್ಕಾರಕ್ಕೆ ಮಾತ್ರ. 2020ರ ಜುಲೈನಲ್ಲಿ ಅದು ಭಾನುವಾರಗಳಂದು ಮನೆಬಿಟ್ಟು ಹೊರಡುತ್ತಿತ್ತು. 2021ರ ಏಪ್ರಿಲ್‌ನಲ್ಲಿ ರಾತ್ರಿ ಪಾಳಿಗೆ ಹಾಕಿಸಿಕೊಂಡು ಹತ್ತರಿಂದ ಐದರವರೆಗೆ ದುಡಿಯಿತು. 2022ರ ಜನವರಿಯ ಹೊತ್ತಿಗೆ ಬೆಂಗಳೂರಿನ ಐಟಿ ಕಂಪನಿ ಸೇರಿತೋ ಏನೋ, ವಾರವಿಡೀ ಸುಮ್ಮನಿದ್ದು ಶನಿವಾರ, ಭಾನುವಾರ ಅಡ್ಡಾಡಲು ಬರತೊಡಗಿತು. ನಡುವೆ 2020ರ ಡಿಸೆಂಬರ್‌ನಲ್ಲಿ ರಾತ್ರಿ ಕರ್ಫ್ಯೂ ಘೋಷಣೆಯಾಯಿತು, ಅದರ ಗಂಟೆ ಬದಲಾಯಿತು, ಜಾರಿಗೆ ಬರಬೇಕಿದ್ದ ರಾತ್ರಿಯೇ ರದ್ದೂ ಆಯಿತು. ಹುಟ್ಟುವ ಮುನ್ನವೇ ತಿಥಿ ಮುಗಿಸಿಕೊಂಡ ಕರ್ಫ್ಯೂ ಅದೊಂದೇ ಇರಬೇಕು.

ಬೇರೆ ಊರಿನವರು ಇದನ್ನು ಓದಿ ನಗಬಹುದು. ಮೈಸೂರಿನವರಿಗೆ ನಗು ಬರುವುದಿಲ್ಲ. ಭಾನುವಾರ, ವಾರಾಂತ್ಯ, ರಾತ್ರಿ ದೀಪಾಲಂಕಾರ, ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ ರಜೆ ಇವಿಷ್ಟನ್ನೂ ಕೂಡಿದರೆ ಆ ಊರಿನ ವರ್ಷದ ಅನ್ನ. ಸರ್ಕಾರದ ವೈರಾಣು ಹುಡುಕಿ ಹುಡುಕಿ ಅದೇ ದಿನಗಳಿಗೆ ಬಂತು. 2020, 2021 ಎರಡೂ ವರ್ಷದ ಬೇಸಿಗೆ ಸೀಸನ್ನು ಲಾಕ್‌ಡೌನ್‌ನಲ್ಲೇ ಕರಗಿತು. 2021ರ ಜೂನ್‌ನಲ್ಲಿ ಪಕ್ಕದ ಜಿಲ್ಲೆಗಳೆಲ್ಲ ಒಂದೊಂದಾಗಿ ಬಾಗಿಲು ತೆರೆದರೂ, ಸೋಂಕಿನ ಪ್ರಮಾಣ ಹೆಚ್ಚೆಂದು ಮೈಸೂರಿನ ಬೀಗ ಬೀಗವಾಗಿಯೇ ಉಳಿಯಿತು.

ಆದರೂ ಸಂಪ್ರದಾಯ ಬಿಡಲಾದೀತೆ? 2020ರಲ್ಲಿ ‘ಸರಳ ದಸರಾ’ ನಡೆಯಿತು. ಸರಳತೆ ಎಂದರೆ ಏನೆಂದು ಕೇಳಿ. ಬನ್ನಿಮಂಟಪದವರೆಗೆ ಸಾಗಬೇಕಿದ್ದ ಜಂಬೂಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಮೊದಲ ಬಾರಿಗೆ ಹೊತ್ತ ಆನೆ ಅಭಿಮನ್ಯುವಿಗೆ, ‘ಬಂದ ಕೆಲಸ ಇಷ್ಟೇನಾ’ ಅನ್ನಿಸಿರಬೇಕು. ನೋಡಲು 300 ಮಂದಿಗೆ ಅವಕಾಶ. ಮುನ್ನೂರರವರೆಗೆ ಕೈಕಟ್ಟಿ ನಿಂತಿದ್ದು ಮುನ್ನೂರೊಂದನೆಯವನ ಮೇಲೆ ಹಾರುವುದು ಆ ವೈರಾಣುವಿನ ಇನ್ನೊಂದು ಗುಣ. ಆ ಮುನ್ನೂರರಲ್ಲಿ ಟಾಂಗಾವಾಲಾ ಎಷ್ಟು ಜನ, ಅಗರಬತ್ತಿ ಮಾರುವವರು ಎಷ್ಟು ಜನ ಎಂದು ಕೇಳಬೇಡಿ. ಪಾಸು ಇದ್ದವರು ಒಳಗೆ, ದಸರಾ ನಂಬಿ ಸಾಲ ಮಾಡಿದವರು ಟಿವಿ ಮುಂದೆ.

ಸರ್ಕಾರಕ್ಕೆ ಕರುಣೆ ಇರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಮೃಗಾಲಯದ ಕಥೆಯನ್ನೇ ನೋಡಿ. ಟಿಕೆಟ್ ಹಣದಲ್ಲಿ ಬದುಕುವ ಮೃಗಾಲಯ ಮುಚ್ಚಿದಾಗ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಎಸ್.ಟಿ. ಸೋಮಶೇಖರ್ ದಾನಿಗಳ ಮನೆಬಾಗಿಲಿಗೆ ಹೋಗಿ ಕೋಟಿಗಳ ಲೆಕ್ಕದಲ್ಲಿ ದೇಣಿಗೆ ತಂದುಕೊಟ್ಟರು. ಒಳ್ಳೆಯ ಕೆಲಸ. ಹುಲಿಗೆ ದಾನಿ ಸಿಕ್ಕರು, ಜಿರಾಫೆಗೆ ಸಿಕ್ಕರು. ಅವನ್ನು ತೋರಿಸಲು ಜನರನ್ನು ಕರೆತರುತ್ತಿದ್ದವನಿಗೆ ಮಾತ್ರ ಸಿಗಲಿಲ್ಲ. ತಪ್ಪು ಅವನದೇ. ಅವನಿಗೆ ದತ್ತು ಯೋಜನೆ ಇರಲಿಲ್ಲ, ಮುಂದೆ ಫಲಕವೂ ಇರಲಿಲ್ಲ. ಹೀಗೊಂದು ಹಾಕಿಸಬಹುದಿತ್ತು: ‘ಅರಮನೆ ಗೈಡ್. ಆಹಾರ: ಸಿಕ್ಕಿದ್ದು. ಭಾಷೆ: ಐದು. ಸ್ವಭಾವ: ಸಾಧು, ಎಲ್ಲರನ್ನೂ ಸಾರ್ ಎನ್ನುತ್ತದೆ. ವಾರ್ಷಿಕ ದತ್ತು ಶುಲ್ಕಕ್ಕೆ ತೆರಿಗೆ ವಿನಾಯಿತಿ ಇದೆ.’ ಪಕ್ಕದ ಬೋನಿನಲ್ಲಿ ಲಾಡ್ಜಿನ ರೂಂ ಬಾಯ್, ಅದರಾಚೆ ಕೆಆರ್‌ಎಸ್ ದಾರಿಯಲ್ಲಿ ಚುರುಮುರಿ ಮಾರುವವನು. ದಾನಿಯ ಹೆಸರು ದಪ್ಪ ಅಕ್ಷರದಲ್ಲಿ.

ಕರುಣೆಯ ಎರಡನೆಯ ಕಂತು 2020ರ ಮೇ ತಿಂಗಳಲ್ಲಿ ಬಂತು. 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ ಒಮ್ಮೆಗೆ 5,000 ರೂಪಾಯಿ. ಅರ್ಜಿ ಆನ್‌ಲೈನ್‌ನಲ್ಲಿ, ಡಿಎಲ್ ನಂಬರು ಬೇಕು, ಗಾಡಿ ನಂಬರು ಬೇಕು. ಮೈಸೂರಿನ ಟಾಂಗಾಕ್ಕೆ ಡಿಎಲ್ ಎಲ್ಲಿಂದ ತರುವುದು? ಆಟೊವನ್ನು ನಿಲ್ಲಿಸಿದರೆ ಪೆಟ್ರೋಲ್ ಕೇಳುವುದಿಲ್ಲ. ಕುದುರೆಯನ್ನು ನಿಲ್ಲಿಸಿದರೂ ಹುರುಳಿ, ಹುಲ್ಲು ಕೇಳುತ್ತದೆ. ಮಹಾರಾಜರ ಕಾಲದ ವಾಹನವೆಂದು ಪ್ರವಾಸೋದ್ಯಮದ ಚಿತ್ರಗಳಲ್ಲಿ ಅದನ್ನು ಮುಂದೆ ನಿಲ್ಲಿಸುವವರಿಗೆ, ಪರಿಹಾರದ ಪಟ್ಟಿ ಬರೆಯುವಾಗ ಅದು ಕಣ್ಣಿಗೆ ಬೀಳಲಿಲ್ಲ.

ಸಾಲ ಮಾಡಿದವರಿಗೂ ಸಮಾಧಾನವಿತ್ತು. ರಿಸರ್ವ್ ಬ್ಯಾಂಕು ಆ ವರ್ಷದ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟದಿರಲು ಅವಕಾಶ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಇಡೀ ಊರು ಮನೆಯೊಳಗಿದ್ದಾಗ ಒಂದು ದಿನವೂ ರಜೆ ಹಾಕದೆ ದುಡಿದದ್ದು ಬಡ್ಡಿಯೊಂದೇ. ಕೊರೋನಾ ಯೋಧರ ಸನ್ಮಾನದ ಪಟ್ಟಿಯಲ್ಲಿ ಅದರ ಹೆಸರು ಬಿಟ್ಟುಹೋದದ್ದು ಅನ್ಯಾಯ. ತಾತ್ಕಾಲಿಕವಾಗಿ ಬಾಗಿಲು ಹಾಕಿದವರಲ್ಲಿ ಕೆಲವರು ಮತ್ತೆ ತೆರೆಯಲೇ ಇಲ್ಲ. ತಲೆಮಾರುಗಳಿಗೆ ಸಿನಿಮಾ ತೋರಿಸಿದ್ದ ಶಾಂತಲಾ ಚಿತ್ರಮಂದಿರ 2020ರಲ್ಲೇ ಶಾಶ್ವತವಾಗಿ ಪರದೆ ಎಳೆಯಿತು.

ಬೀಗ ಬೇಡವಿತ್ತು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. 2021ರ ಮೇ ಆರಂಭದಲ್ಲಿ ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಸತ್ತದ್ದನ್ನು ಕಂಡ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಆದರೆ ಆ ಸಾವುಗಳೇ ಇನ್ನೊಂದು ಮಾತನ್ನೂ ಹೇಳುತ್ತವೆ. ಬೀಗ ಹಾಕಿಸಿದ್ದು ಸಿಲಿಂಡರ್ ಹೊಂದಿಸಲು ಸಮಯ ಬೇಕೆಂದು ತಾನೆ? ಆ ಸಮಯಕ್ಕೆ ಬೆಲೆ ತೆತ್ತವರು ಟಾಂಗಾವಾಲಾ, ಗೈಡ್, ರೂಂ ಬಾಯ್. ಅವರು ಒಂದು ವರ್ಷದ ಅನ್ನ ಕೊಟ್ಟು ಕೊಂಡ ಸಮಯವನ್ನು ಖರ್ಚು ಮಾಡಿದವರು ಯಾರು, ಯಾವುದಕ್ಕೆ ಎಂಬ ಲೆಕ್ಕ ಮಾತ್ರ ಯಾವ ಸಭೆಯಲ್ಲೂ ಮಂಡನೆಯಾಗಲಿಲ್ಲ.

ತ್ಯಾಗ ಮೇಲಿನವರೂ ಮಾಡಿದರು, ಸುಳ್ಳು ಹೇಳಬಾರದು. 2020ರಲ್ಲಿ ಸಚಿವರು, ಶಾಸಕರ ಸಂಬಳವನ್ನು ಒಂದು ವರ್ಷ ಶೇಕಡ 30ರಷ್ಟು ಕಡಿತ ಮಾಡಲಾಯಿತು. ಆ ಗಾಯ ಎಷ್ಟು ಆಳವಾಗಿತ್ತೆಂದರೆ, 2022ರ ಫೆಬ್ರವರಿಯಲ್ಲಿ ಸದನದ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಮಸೂದೆ ಪಾಸಾಯಿತು. ಮುಖ್ಯಮಂತ್ರಿಯ ಸಂಬಳ 50,000ದಿಂದ 75,000ಕ್ಕೆ, ಶಾಸಕರದು 25,000ದಿಂದ 40,000ಕ್ಕೆ ಏರಿತು. ಸಾಂಕ್ರಾಮಿಕದ ನಂತರ ಕರ್ನಾಟಕದಲ್ಲಿ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡ ಉದ್ಯಮ ಯಾವುದೆಂದು ಪ್ರವಾಸೋದ್ಯಮದವರು ಇನ್ನು ತಲೆಕೆಡಿಸಿಕೊಳ್ಳಬೇಕಿಲ್ಲ.

ಮುಂದಿನ ಸಾಂಕ್ರಾಮಿಕಕ್ಕೆ ದೊಡ್ಡ ಸಮಿತಿ, ದಪ್ಪ ವರದಿ ಏನೂ ಬೇಡ. ಬಾಗಿಲು ಮುಚ್ಚಿಸುವ ಆದೇಶದಲ್ಲಿ, ಸಹಿಗಿಂತ ಮೇಲೆ, ಒಂದೇ ಸಾಲು ಸೇರಿಸಿದರೆ ಸಾಕು: ‘ಈ ಬೀಗ ತೆರೆಯುವವರೆಗೆ ಕೆಳಗೆ ಸಹಿ ಮಾಡಿದವರಿಗೂ ಸಂಬಳವಿಲ್ಲ. ಪರಿಹಾರವಾಗಿ ಒಮ್ಮೆ 5,000 ರೂಪಾಯಿ; ಅರ್ಜಿ ಆನ್‌ಲೈನ್‌ನಲ್ಲಿ.’